ಅಬೆರೈದಿಯ ನೀಲಿ ನೀರು

ಪ್ರಶ್ನೆ: ತಮ್ಮನ ಮಗ ಕಾರ್ಡಿಫ್‌ನಾಗ ಓದ್ಲಿಕತ್ಯಾನ್ರಿ, ವೇಲ್ಸ್‌ನ ಸಮುದ್ರದ ದಂಡಿಗಿರೋ ಅಬೆರೈದಿ ಅನ್ನೋ ಸಣ್ಣ ಊರಿನ ಫೋಟೊ ಕಳ್ಸ್ಯಾನ, ನೀರು ನೀಲಿ-ಹಸಿರು ಅದ, ಖರೇನೊ ಏನ್ ಫೋನಿನ ಫಿಲ್ಟರೊ? ಅಲ್ಲಿ ಮತ್ತೇನದ?
— ಓದುಗರೊಬ್ಬರು, ಶಹಾಬಾದ್

ಉತ್ತರ: ಖರೇನ ಅದರಿ ಅಣ್ಣಾರ. ನಿಮ್ಮ ಕಡಿ ಫರ್ಸಿ ತೆಗದು ಬಿಟ್ಟ ಖಣಿಯಾಗ ನೀರು ನಿಲ್ತದಲ್ಲ, ಇದೂ ಹಂಗೇ ಹಳೇ ಸ್ಲೇಟ್ ಕಲ್ಲಿನ ಖಣಿ, 1910ರ ಸುಮಾರಿಗೆ ಬಂದಾತು, ಆಮ್ಯಾಲ ಸಮುದ್ರದ ಕಡಿ ಕಲ್ಲು ಒಡದು ಉಪ್ಪುನೀರು ಒಳಗ ಬಿಟ್ರು, ಈಗ ಬ್ಲೂ ಲಗೂನ್ ಅಂತಾರ. ಆಗ ಸ್ಲೇಟು ಹಳಿ ಮ್ಯಾಲ ಬಾಜೂಕಿನ ಪೋರ್ತ್‌ಗೇನ್ ಬಂದರಿಗಿ ಹೋಗ್ತಿತ್ತು, ಅಲ್ಲಿ ಜಲ್ಲಿ ತುಂಬಿಡೋ ದೊಡ್ಡ ಇಟ್ಟಂಗಿ ಕಟ್ಟಡ ಇನ್ನೂ ನಿಂತಾವ. ಅಬೆರೈದಿಯಾಗ ಕೆಲಸಗಾರರ ಮನಿ ಗ್ವಾಡಿ ಅಷ್ಟೇ ಉಳದಾವ, ನನಗ ನೀಲಿ ನೀರಿಗಿಂತ ಅವೇ ಹೆಚ್ಚು ಕಾಡ್ತಾವ. ಉಸುಕು ಕರಿದು, ಸ್ಲೇಟಿನ ಊರಲ್ಲೇನ್ರಿ!

ಅಲ್ಲೇ ಹತ್ರ ಸೇಂಟ್ ಡೇವಿಡ್ಸ್ ಕೆಥೆಡ್ರಲ್ ಅಂತ ಹಳೇ ದೊಡ್ಡ ಚರ್ಚ್ ಅದ, ಅದನ್ನ ನೋಡೋದು ಬಿಡಬ್ಯಾಡ ಅಂತ ಹುಡುಗಗ ಹೇಳ್ರಿ. 12ನೇ ಶತಮಾನದಾಗ ಪೋಪ್ ಅವರು ಇಲ್ಲಿಗಿ ಎರಡು ಯಾತ್ರಾ ಮಾಡಿದ್ರ ರೋಮಿಗಿ ಒಂದ್ಸಲ ಹೋದಂಗ ಅಂದಿದ್ರಂತ. ಖಣಿ ನೀರು ಭಾಳ ಆಳ, ಭಾಳ ಥಂಡಿ, ಸುಮ್ನ ಜಿಗೀಬ್ಯಾಡ ಅಂತನೂ ಹೇಳ್ರಿ.