ಮೂವತ್ತೊಂದಕ್ಕೆ ಕಾಲೇಜು ಮಗಳ ತಾಯಿ

ಪ್ರಶ್ನೆ: ನನಗೆ 31 ವರ್ಷ. ಮೂರು ವರ್ಷದಿಂದ ಒಂದು ದೈನಿಕ ಧಾರಾವಾಹಿಯ ನಾಯಕಿ. ಊರು ಹಾಸನದ ಕಡೆ. ಮೈಸೂರಿನಲ್ಲಿ ಓದುವಾಗ ಹವ್ಯಾಸಿ ತಂಡವೊಂದರಲ್ಲಿ ನಾಟಕ ಮಾಡುತ್ತಿದ್ದೆ, ಅಲ್ಲಿಂದ ಬೆಂಗಳೂರಿಗೆ ಬಂದೆ. ಕಳೆದ ವಾರ ಚಾನೆಲ್‌ನ ಕ್ರಿಯೇಟಿವ್ ಹೆಡ್ ಕರೆಸಿ, ಕಥೆಯಲ್ಲಿ 18 ವರ್ಷದ ಲೀಪ್, ಅಂದರೆ ಒಮ್ಮೆಲೇ ಅಷ್ಟು ವರ್ಷ ಮುಂದಕ್ಕೆ ಜಿಗಿತ, ಬರುತ್ತಿದೆ ಎಂದರು. ನನ್ನ ಗಂಡ ಜೈಲಿಗೆ ಹೋಗುತ್ತಾನೆ, ನಾನೊಬ್ಬಳೇ ಮಗಳನ್ನು ಸಾಕುತ್ತೇನೆ. ಲೀಪ್ ಆದಮೇಲೆ ಅವಳು ಕಾಲೇಜಿಗೆ ಹೋಗುತ್ತಾಳೆ. ಮಗಳ ಪಾತ್ರಕ್ಕೆ ಆರಿಸಿರುವ ಹುಡುಗಿಗೆ 22! ನಾನು ತಲೆಗೆ ಬಿಳಿ ಬಳಿದುಕೊಂಡು, ಕನ್ನಡಕ ಹಾಕಿಕೊಂಡು ಅವಳಿಗೆ ಅಮ್ಮನಾಗಬೇಕು. ಒಪ್ಪದಿದ್ದರೆ ಪಾತ್ರವನ್ನು ಸಾಯಿಸುತ್ತೇವೆ, ಇಲ್ಲವೇ ಬೇರೆಯವರನ್ನು ಹಾಕುತ್ತೇವೆ ಎಂದು ನಗುನಗುತ್ತಲೇ ಹೇಳಿದರು. ಒಮ್ಮೆ ಅಮ್ಮನಾದರೆ ಮುಗೀತು, ಮತ್ತೆ ನಾಯಕಿ ಪಾತ್ರಕ್ಕೆ ಯಾರೂ ಕರೆಯಲ್ಲ ಅಂತ ಸಹನಟರು ಹೆದರಿಸುತ್ತಿದ್ದಾರೆ. ಪರಿಚಯದ ನಿರ್ದೇಶಕರೊಬ್ಬರು ಸಿನಿಮಾಗೆ ಕರೆದಿದ್ದಾರೆ, ಆದರೆ ನಿರ್ಮಾಪಕರು ಇನ್ನೂ ಖಚಿತವಾಗಿಲ್ಲ. ಕೆಂಗೇರಿಯ ಫ್ಲ್ಯಾಟಿನ ಇಎಂಐ, ತಮ್ಮನ ಕಾಲೇಜು ಫೀಸು ಎರಡೂ ನನ್ನ ತಲೆಯ ಮೇಲಿವೆ. ಊರಿನಿಂದ ಅಮ್ಮ ಫೋನ್ ಮಾಡಿ, "ಮದುವೆಯಾಗದ ಹುಡುಗಿ ಟೀವಿಯಲ್ಲಿ ಮುದುಕಿ ಥರ ಕಂಡರೆ ಯಾರೇ ಹೆಣ್ಣು ಕೇಳ್ತಾರೆ?" ಎಂದು ಅಳುತ್ತಾರೆ. ಒಪ್ಪಲೇ, ಬಿಡಲೇ?
ಹೆಸರು ಬೇಡ, ಬೆಂಗಳೂರು

ಉತ್ತರ: "ನನ್ನ ಗಂಡ ಜೈಲಿಗೆ ಹೋಗುತ್ತಾನೆ" ಎಂಬ ಸಾಲಿಗೆ ಬಂದಾಗ ಒಂದು ಕ್ಷಣ ಎದೆ ಧಸಕ್ಕೆಂದಿತು. ಮುಂದಿನ ಸಾಲು ಓದಿದ ಮೇಲೆ ಸಮಾಧಾನವಾಯಿತು, ಆಮೇಲೆ ನಗು ಬಂತು. ತಪ್ಪು ತಿಳಿಯಬೇಡಿ. ದಿನಕ್ಕೆ 12-13 ಗಂಟೆ ಇನ್ನೊಬ್ಬಳ ತಾಳಿ ಕಟ್ಟಿಕೊಂಡು, ಇನ್ನೊಬ್ಬಳ ಅತ್ತೆಯಿಂದ ಬೈಸಿಕೊಂಡು ಮೂರು ವರ್ಷ ಕಳೆದವರು ಹೀಗೆ ಬರೆಯದೆ ಇನ್ನು ಹೇಗೆ ಬರೆದಾರು? ಕೆಲವು ಕಾಲ ನಾನೂ ಧಾರಾವಾಹಿಗಳಿಗೆ ಸಂಭಾಷಣೆ ಬರೆದವಳು. ಶಾಟ್ ರೆಡಿ ಅಂದಮೇಲೆ ವಾಟ್ಸ್ಆ್ಯಪ್‌ನಲ್ಲಿ ಬರುವ ಡೈಲಾಗು, ಕ್ಯಾಮೆರಾ ಹಿಂದೆ ನಿಂತು ಪ್ರಾಂಪ್ಟ್ ಮಾಡುವ ಸಹಾಯಕ ನಿರ್ದೇಶಕ, ಮಧ್ಯಾಹ್ನ ಮೂರಕ್ಕೆ ತಣ್ಣಗಾದ ಅನ್ನ ಸಾರು, ರಾತ್ರಿ ಒಂಬತ್ತಾದರೂ ಮುಗಿಯದ ಮನೆಮಂದಿಯೆಲ್ಲ ಇರುವ ದೃಶ್ಯ ಎಲ್ಲವನ್ನೂ ಬಲ್ಲೆ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ.

ಒಪ್ಪಿಕೊಳ್ಳಿ. ಆದರೆ ಅವರು ಬಾಯಿಮಾತಿನಲ್ಲಿ ಹೇಳಿದ ರೀತಿಯಲ್ಲಿ ಖಂಡಿತ ಬೇಡ.

ಬಿಳಿ ಕೂದಲಿನ ಬಗ್ಗೆ ನಿಮಗೆ ಭಯ. ನನಗೆ ಭಯ ಇರುವುದು ನಿಮ್ಮ ಡೇಟ್ಸ್, ಅಂದರೆ ಶೂಟಿಂಗ್ ದಿನಗಳ ಬಗ್ಗೆ. ಈ ಲೀಪಿನ ಗಣಿತ ನೋಡಿ. ನಾಯಕಿಯಾಗಿ ನಿಮಗೆ ತಿಂಗಳಿಗೆ ಹದಿನೆಂಟೋ ಇಪ್ಪತ್ತೋ ದಿನ ಕೆಲಸ ಇದ್ದಿರಬೇಕು, ಸಂಭಾವನೆ ದಿನದ ಲೆಕ್ಕದಲ್ಲಿ. ಲೀಪ್ ಆದ ಮೊದಲೆರಡು ತಿಂಗಳು ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರೊಮೋದಲ್ಲಿ ನೀವೇ, ಮಹಾಸಂಚಿಕೆಯಲ್ಲೂ ನೀವೇ. ನಂತರ ಮಗಳಿಗೊಬ್ಬ ಹುಡುಗ ಸಿಗುತ್ತಾನೆ. ಆ ಹುಡುಗನ ಮನೆಯಲ್ಲೊಬ್ಬ ಹೊಸ ಅತ್ತೆ ಹುಟ್ಟಿಕೊಳ್ಳುತ್ತಾಳೆ. ಕಥೆಯ ಟ್ರ್ಯಾಕ್ ಆ ಕಡೆ ವಾಲುತ್ತದೆ. ನಿಮಗೆ ಉಳಿಯುವುದು ಮಗಳ ಫೋನಿಗೆ "ಊಟ ಮಾಡ್ದೆಯೇನೋ ಪುಟ್ಟ" ಎನ್ನುವ ದೃಶ್ಯ ಮತ್ತು ದೇವರ ಕೋಣೆಯ ಒಂದು ಅಳು. ಅಂಥ ದೃಶ್ಯಗಳನ್ನು ಎರಡೇ ದಿನದಲ್ಲಿ ಒಟ್ಟಿಗೆ ತೆಗೆದು, ಮುಂದಿನ ಸಂಚಿಕೆಗಳಿಗೆಂದು ಬ್ಯಾಂಕಿಂಗ್ ಮಾಡಿಡುತ್ತಾರೆ. ತಿಂಗಳಿಗೆ ಇಪ್ಪತ್ತು ದಿನವಿದ್ದದ್ದು ಆರಕ್ಕಿಳಿಯುತ್ತದೆ. ದಿನದ ಸಂಭಾವನೆಯನ್ನು ಒಂದು ರೂಪಾಯಿಯೂ ಇಳಿಸದೆ ತಿಂಗಳ ಆದಾಯವನ್ನು ಮೂರನೇ ಒಂದಕ್ಕೆ ತರುವುದು ಹೀಗೆ. ಅಷ್ಟಾದರೂ ನೀವು ಬೇರೆ ಚಾನೆಲ್‌ಗೆ ಹೋಗುವಂತಿಲ್ಲ, ಯಾಕೆಂದರೆ ಅಗ್ರಿಮೆಂಟಿನಲ್ಲಿ ಎಕ್ಸ್‌ಕ್ಲೂಸಿವ್ ಎಂದಿರುತ್ತದೆ. ಇಎಂಐ ಮಾತ್ರ ಲೀಪ್ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ಮೀಟಿಂಗಿನಲ್ಲಿ ನೀವು ವಿಗ್ಗಿನ ಬಣ್ಣದ ಬಗ್ಗೆ ವಾದಿಸಲು ಕೂರಬೇಡಿ. ತಿಂಗಳಿಗೆ ಇಷ್ಟು ದಿನ ಕನಿಷ್ಠ ಕೆಲಸ, ಕರೆದರೂ ಕರೆಯದಿದ್ದರೂ ಅಷ್ಟು ದಿನದ ಹಣ, ಎಂದು ಕೇಳಿ. ಅದಕ್ಕೆ ಅವರು ಒಪ್ಪದಿದ್ದರೆ ಎಕ್ಸ್‌ಕ್ಲೂಸಿವ್ ಷರತ್ತನ್ನು ತೆಗೆಸಿ, ಖಾಲಿ ಇರುವ ದಿನ ನಾಟಕ, ಸಿನಿಮಾ, ಬೇರೆ ಭಾಷೆಯ ಧಾರಾವಾಹಿ ಏನು ಬೇಕಾದರೂ ಮಾಡಲು ಅನುಮತಿ ಇರಲಿ. ಎರಡರಲ್ಲಿ ಒಂದು ಸಿಗಲೇಬೇಕು. ಲೀಪ್ ನಂತರದ ಒಪ್ಪಂದಕ್ಕೆ ಆರು ತಿಂಗಳೋ ವರ್ಷವೋ ಒಂದು ಗಡುವನ್ನೂ ಹಾಕಿಸಿ. "ಧಾರಾವಾಹಿ ಮುಗಿಯುವವರೆಗೆ" ಎಂದು ಬರೆದಿದ್ದರೆ ಸಹಿ ಮಾಡಬೇಡಿ. ಧಾರಾವಾಹಿ ಯಾವಾಗ ಮುಗಿಯುತ್ತದೆ ಎಂದು ಅದನ್ನು ಬರೆಯುವವರಿಗೇ ಗೊತ್ತಿರುವುದಿಲ್ಲ. ನಾನು ಬರೆಯುತ್ತಿದ್ದಾಗ ನನಗೂ ಗೊತ್ತಿರಲಿಲ್ಲ.

ಕೇಳಲು ನಿಮಗೆ ಸಂಕೋಚವಾಗಬಹುದು. "ನನ್ನ ಕೈಯಲ್ಲೇನಿದೆ, ಅವರು ತೆಗೆದುಹಾಕುತ್ತಾರೆ" ಎಂಬ ಧ್ವನಿ ಪತ್ರದುದ್ದಕ್ಕೂ ಇದೆ. ಹಾಗಾದರೆ ಅವರ ಕಡೆಯಿಂದಲೂ ಸ್ವಲ್ಪ ನೋಡಿ. ಲೀಪ್ ಯಾಕೆ ಬರುತ್ತದೆ? ಪ್ರತಿ ಗುರುವಾರ, ಟೀವಿ ವೀಕ್ಷಣೆಯನ್ನು ಅಳೆಯುವ ಸಂಸ್ಥೆಯಾದ ಬಾರ್ಕ್‌ನ ಟಿಆರ್‌ಪಿ ಬರುತ್ತದೆ, ಕೆಲವು ಗುರುವಾರ ಅಂಕಿ ಇಳಿದಿರುತ್ತದೆ, ಎದುರು ಚಾನೆಲ್ ಅದೇ ಸ್ಲಾಟಿಗೆ ಹೊಸದೊಂದನ್ನು ತಂದಿರುತ್ತದೆ. ಹೊಸ ಕಥೆ ಶುರುಮಾಡಿದರೆ ಸೆಟ್, ಪ್ರಚಾರ, ಜನರಿಗೆ ಹೆಸರು ಕಲಿಸುವುದು ಎಲ್ಲ ಮೊದಲಿಂದ. ಲೀಪ್ ಅಗ್ಗ. ಹಳೆಯ ಹೆಸರು, ಹಳೆಯ ಸಮಯ, ಹೊಸ ಮುಖಗಳು. ಈ ಲೆಕ್ಕಾಚಾರ ಫಲಿಸಬೇಕಾದರೆ ಹಳೆಯ ವೀಕ್ಷಕರನ್ನು ಕೈಹಿಡಿದು ಆ ಕಡೆ ದಾಟಿಸುವ ಒಂದು ಮುಖ ಬೇಕು. ಗಂಡನನ್ನು ಜೈಲಿಗೆ ಕಳಿಸಿದ್ದಾರೆ. ಉಳಿದಿರುವುದು ನಿಮ್ಮ ಮುಖ. ಮೊದಲ ಮೂರು ತಿಂಗಳು ಅವರಿಗೆ ನಿಮ್ಮ ಅಗತ್ಯ ಬಹಳ ಇದೆ, ಅದಕ್ಕೇ ನಗುನಗುತ್ತಾ ಹೆದರಿಸುತ್ತಿದ್ದಾರೆ.

ಹಾಗೆಂದು ಅತಿಯಾದ ಧೈರ್ಯವೂ ಬೇಡ. ಬದಲಾಯಿಸುವುದು ಅವರಿಗೆ ಅಸಾಧ್ಯವೇನಲ್ಲ. ಹಿಂದಿಯ 'ಕ್ಯೂಂಕಿ ಸಾಸ್ ಭೀ ಕಭಿ ಬಹೂ ಥೀ' 2000ರಲ್ಲಿ ಶುರುವಾದಾಗ ಸ್ಮೃತಿ ಇರಾನಿಗೆ 24 ವರ್ಷ. ಸೊಸೆಯಾಗಿ ಮನೆ ಹೊಕ್ಕವರು ತಮ್ಮ ಮೂವತ್ತರ ಆಸುಪಾಸಿಗೆ ತೆರೆಯ ಮೇಲೆ ಅಜ್ಜಿಯಾಗಿದ್ದರು. ದೇಶವೇ ತುಳಸಿ ಎಂದು ಕರೆಯುತ್ತಿದ್ದ ಆ ಪಾತ್ರಕ್ಕೂ 2007ರಲ್ಲಿ ಗೌತಮಿ ಕಪೂರ್ ಬಂದರು. ಮರುವರ್ಷ ಸ್ಮೃತಿಯೇ ವಾಪಸಾದರು, 2025ರಲ್ಲಿ ಅದೇ ಧಾರಾವಾಹಿಯ ಎರಡನೇ ಆವೃತ್ತಿಗೂ ಅವರನ್ನೇ ಕರೆತಂದರು. ತುಳಸಿಯನ್ನೇ ಬದಲಿಸಿದವರಿಗೆ ನೀವು ಯಾವ ಲೆಕ್ಕ ಅನ್ನುವುದು ನಿಜ. ಬದಲಿಸಿದ ಮೇಲೆ ಮತ್ತೆ ಹುಡುಕಿಕೊಂಡು ಬಂದರು ಅನ್ನುವುದೂ ನಿಜ.

ಇನ್ನು "ಒಮ್ಮೆ ಅಮ್ಮನಾದರೆ ಮುಗೀತು" ಎಂಬ ಮಾತು. ಇದನ್ನು ಹೇಳಿದ ಸಹನಟರಲ್ಲಿ ನಿಮ್ಮ ಜಾಗದ ಮೇಲೆ ಕಣ್ಣಿಟ್ಟವರು ಎಷ್ಟು ಮಂದಿ ಎಂದು ನಾನು ಕೇಳುವುದಿಲ್ಲ. ಮಾತಿನಲ್ಲಿ ಸುಳ್ಳಿಲ್ಲ, ಅರ್ಧ ಸತ್ಯವಿದೆ. ನಮ್ಮಲ್ಲಿ ಈ ಅನ್ಯಾಯ ಹಳೆಯದು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್‌ಗೆ ನಾಯಕಿಯಾಗಿದ್ದ ಪಂಡರಿಬಾಯಿ ಮುಂದೆ ಅದೇ ರಾಜ್‌ಕುಮಾರ್‌ಗೆ ತಾಯಿಯಾಗಿ ನಟಿಸಿದರು. ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅಣ್ಣಾವ್ರು ನಾಯಕನಾಗಿಯೇ ಉಳಿದರು. ನಿಮ್ಮ ಧಾರಾವಾಹಿಯಲ್ಲೂ ನೋಡುತ್ತಿರಿ, ಜೈಲಿನಿಂದ ಬರುವ ನಿಮ್ಮ 'ಗಂಡ'ನಿಗೆ ಕಿವಿಯ ಮೇಲೆ ನಾಲ್ಕು ಬಿಳಿ ಎಳೆ, ಒಂದು ಒಳ್ಳೆಯ ಗಡ್ಡ, ಇನ್ನಷ್ಟು ಗತ್ತು. ನಿಮಗೆ ಹತ್ತಿ ಸೀರೆ. (ಕನ್ನಡದ ನಟಿಯರು ಎಷ್ಟೋ ಕಡೆ ಸೀರೆ ಒಡವೆಗಳನ್ನು ಕೈಯಿಂದಲೇ ಕೊಳ್ಳಬೇಕಾದ ಸ್ಥಿತಿಯಲ್ಲಿ ಅದೊಂದು ಉಳಿತಾಯ ಎಂದು ನನ್ನ ಗೆಳತಿಯೊಬ್ಬರು ಹೇಳುತ್ತಿದ್ದರು.)

ಇನ್ನರ್ಧ ಸತ್ಯ ಉಮಾಶ್ರೀ. 'ಒಡಲಾಳ' ನಾಟಕದಲ್ಲಿ ಮುದುಕಿ ಸಾಕವ್ವನಾಗಿ ರಂಗದ ಮೇಲೆ ನಿಂತಾಗ ಅವರಿನ್ನೂ ಚಿಕ್ಕವರು. ಅಲ್ಲಿಗೆ ಅವರದೇನೂ ಮುಗಿಯಲಿಲ್ಲ, ಶುರುವಾಯಿತು. ರಾಷ್ಟ್ರಪ್ರಶಸ್ತಿ ಬಂದದ್ದು 'ಗುಲಾಬಿ ಟಾಕೀಸ್'ನ ನಡುವಯಸ್ಸಿನ ಸೂಲಗಿತ್ತಿಯ ಪಾತ್ರಕ್ಕೆ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಬಂದಾಗ ಕಥೆಯ ನಡುಗಂಬ ಮೂರು ಹೆಣ್ಣುಮಕ್ಕಳ ತಾಯಿ ಪುಟ್ಟಕ್ಕ, ಅಂದರೆ ಇದೇ ಉಮಾಶ್ರೀ. ಅಂದರೆ ಕೇಳಬೇಕಾದ ಪ್ರಶ್ನೆ, ಅಮ್ಮನ ಪಾತ್ರವೋ ಅಲ್ಲವೋ ಎಂಬುದನ್ನು ಬಿಟ್ಟು, ಈ ಅಮ್ಮ ಏನಾದರೂ ಮಾಡುತ್ತಾಳೋ ಅಥವಾ ಮಗಳಿಗೆ ಆಗುವುದನ್ನೆಲ್ಲ ಬಾಗಿಲ ಬಳಿ ನಿಂತು ನೋಡುತ್ತಾಳೋ? ಮುಂದಿನ ಐವತ್ತು ಸಂಚಿಕೆಯ ಕಥೆಯ ಎಳೆ ಕೇಳಿ. ಹದಿನೆಂಟು ವರ್ಷ ಒಬ್ಬಳೇ ಮಗಳನ್ನು ಸಾಕಿದವಳಿಗೆ ಒಂದು ಕಸುಬು ಇರಲೇಬೇಕಲ್ಲ? ಏನದು? ಅವಳೊಂದು ಮೆಸ್ ನಡೆಸುತ್ತಾಳೋ, ವಕೀಲಳೋ, ಬಸ್ ಕಂಡಕ್ಟರೋ? ಇದಕ್ಕೆ ಕ್ರಿಯೇಟಿವ್ ಹೆಡ್ ಬಳಿ ಉತ್ತರವಿಲ್ಲದಿದ್ದರೆ ನಿಮ್ಮ ಪಾತ್ರಕ್ಕೆ ಕಥೆ ಇಲ್ಲ ಎಂದೇ ತಿಳಿಯಿರಿ. ಆಗ ಕನಿಷ್ಠ ದಿನಗಳ ಷರತ್ತಿನ ಮೇಲೆ ಇನ್ನೂ ಬಿಗಿಯಾಗಿ ಕೂರಿ.

ಸಿನಿಮಾದ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಯಶ್, ರಾಧಿಕಾ ಪಂಡಿತ್, ರಚಿತಾ ರಾಮ್ ಧಾರಾವಾಹಿಯಿಂದ ಹೋಗಿ ಗೆದ್ದರು ಎಂದು ನಿಮಗೆ ಹತ್ತು ಜನ ಹೇಳಿರುತ್ತಾರೆ. ಹೋಗಿ ಎರಡು ವರ್ಷ ಕಾದು, ಬಿಡುಗಡೆಯಾಗದ ಒಂದು ಚಿತ್ರದ ಸ್ಟಿಲ್ಲುಗಳನ್ನಷ್ಟೇ ಇಟ್ಟುಕೊಂಡು ಧಾರಾವಾಹಿಗೆ ಹಿಂತಿರುಗಿದವರ ಹೆಸರನ್ನು ಯಾರೂ ಹೇಳುವುದಿಲ್ಲ. ನಿರ್ಮಾಪಕರಿಲ್ಲದ ಸಿನಿಮಾಕ್ಕಾಗಿ ಸಂಬಳ ಬರುವ ಕೆಲಸ ಬಿಡಬೇಡಿ. ಮುಂಗಡ ಬ್ಯಾಂಕಿಗೆ ಬಿದ್ದ ದಿನ ಆ ಬಗ್ಗೆ ಯೋಚಿಸಿದರೆ ಸಾಕು.

ಅದಕ್ಕಿಂತ ಹತ್ತಿರದ ದಾರಿ ಹೈದರಾಬಾದಿನದು, ನೀವದನ್ನು ಬರೆದೇ ಇಲ್ಲ. ತೆಲುಗು ಧಾರಾವಾಹಿಗಳಲ್ಲಿ ಕನ್ನಡದ ಹುಡುಗಿಯರು ನಾಯಕಿಯರಾಗಿರುವುದು ಹೊಸತೇನಲ್ಲ. ಅಲ್ಲಿ ನಿಮ್ಮ ಮುಖಕ್ಕೆ ಯಾವ ಮಗಳೂ ಅಂಟಿಕೊಂಡಿಲ್ಲ. ತಿಂಗಳಲ್ಲಿ ಒಂದಷ್ಟು ದಿನ ಒಟ್ಟಿಗೆ ಶೂಟಿಂಗ್ ಮುಗಿಸಿ ಬರುವ ವ್ಯವಸ್ಥೆ ಮಾಡಿಕೊಂಡವರು ನಿಮ್ಮ ಸೆಟ್ಟಿನಲ್ಲೇ ಇರಬಹುದು, ವಿಚಾರಿಸಿ. ಎಕ್ಸ್‌ಕ್ಲೂಸಿವ್ ಷರತ್ತು ತೆಗೆಸಿ ಎಂದು ನಾನು ಹಟ ಹಿಡಿದಿರುವುದಕ್ಕೆ ಇದೇ ದೊಡ್ಡ ಕಾರಣ. ಭಾನುವಾರ ಬಿಡುವಾದರೆ ಒಂದು ನಾಟಕಕ್ಕೂ ಸೇರಿಕೊಳ್ಳಿ. ಅಲ್ಲಿ ಈ ವಾರ ಅಜ್ಜಿಯಾದವಳು ಮುಂದಿನ ವಾರ ಶಕುಂತಲೆಯಾಗಬಹುದು, ಯಾರೂ ಜಾತಕ ಕೇಳುವುದಿಲ್ಲ.

ಜಾತಕ ಅಂದಾಗ ನಿಮ್ಮ ಅಮ್ಮ ನೆನಪಾದರು. ಅವರ ಅಳುವನ್ನು ನಾನು ಹಗುರವಾಗಿ ನೋಡಲಾರೆ. ಬೆಳಗ್ಗೆ ತರಕಾರಿಗೆ ಹೋದರೆ "ನಿಮ್ಮ ಮಗಳಿಗೆ ಇನ್ನೂ ಆಗ್ಲಿಲ್ವಾ?" ಎಂದು ಕೇಳಿಸಿಕೊಳ್ಳುವವರು ಅವರು. ನಾಳೆ ಅದೇ ಜನ, "ಪಾಪ, ಎಷ್ಟು ಬೇಗ ವಯಸ್ಸಾಯ್ತು ನಿಮ್ಮ ಹುಡುಗಿಗೆ" ಎನ್ನುತ್ತಾರೆ, ಹೇಳಿಯೇ ಹೇಳುತ್ತಾರೆ. ಆದರೆ ಟೀವಿಯ ಬಿಳಿ ಕೂದಲು ನೋಡಿ ಹಿಂದೆ ಸರಿಯುವ ಸಂಬಂಧ, ಮದುವೆಯಾದ ಮೇಲೆ ನಿಮ್ಮ ರಾತ್ರಿ ಶಿಫ್ಟನ್ನೂ, ತೆರೆಯ ಮೇಲೆ ಇನ್ನೊಬ್ಬ ನಿಮ್ಮ ಹಣೆಗೆ ಕುಂಕುಮ ಇಡುವುದನ್ನೂ ಸಹಿಸುವುದಿಲ್ಲ. ಮುಂಚೆಯೇ ಸರಿದರೆ ನಿಮಗೆ ಖರ್ಚಿಲ್ಲ. ಅಮ್ಮನ ಜೊತೆ ಫೋನಿನಲ್ಲಿ ಈ ವಾದ ಮಾಡಬೇಡಿ, ಗೆಲ್ಲುವುದಿಲ್ಲ. ಅವರನ್ನು ನಾಲ್ಕು ದಿನ ಕೆಂಗೇರಿಗೆ ಕರೆಸಿಕೊಂಡು, ಒಂದು ದಿನ ಸೆಟ್ಟಿಗೆ ಕರೆದುಕೊಂಡು ಹೋಗಿ. ಆ 22ರ ಹುಡುಗಿ ನಿಮ್ಮನ್ನು "ಅಕ್ಕಾ" ಎಂದು ಕರೆಯುವುದನ್ನು ಅವರು ಕಿವಿಯಾರೆ ಕೇಳಲಿ. ಮೇಕಪ್ ತೆಗೆಯಲು ಎಷ್ಟು ಹೊತ್ತು ಬೇಕು ಅನ್ನುವುದನ್ನೂ ನೋಡಲಿ.

ಈಗ ನಿಮಗೆ ಇಷ್ಟವಾಗದ ಮಾತು. ನಿಮ್ಮ ಪತ್ರದಲ್ಲಿ ಇಎಂಐ ಇದೆ, ಫೀಸು ಇದೆ, ಉಳಿತಾಯದ ಸುದ್ದಿ ಇಲ್ಲ. ಮೂರು ವರ್ಷ ನಾಯಕಿಯಾದವರ ಪತ್ರದಲ್ಲಿ ಅದು ಇರಬೇಕಿತ್ತು. ನಿಮಗೆ ಪಿಎಫ್ ಇಲ್ಲ, ರಜೆಯ ಸಂಬಳ ಇಲ್ಲ. ಶೇ 10 ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ) ಕಳೆದು ಬಂದದ್ದನ್ನೆಲ್ಲ ಸಂಬಳ ಅಂದುಕೊಂಡು ಖರ್ಚು ಮಾಡಿದರೆ ಮಾರ್ಚಿಯಲ್ಲಿ ತೆರಿಗೆ ಬೇರೆ ಕಟ್ಟಬೇಕಾಗುತ್ತದೆ. ಮುಂಬೈನ ಹಿಂದಿ ಧಾರಾವಾಹಿಗಳಲ್ಲಿ ಕೆಲಸ ಮಾಡಿ 90 ದಿನ ಕಳೆದ ಮೇಲೆ ಹಣ ಕೊಡುವ ರೂಢಿಯೇ ಇದೆ. ಇಲ್ಲೂ ಕೊನೆಯ ಚೆಕ್ಕಿಗೆ ಕಾದವರನ್ನು ನಾನು ಬಲ್ಲೆ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದು ಚಿತ್ರೀಕರಣ ನಿಂತಾಗ ದಿನದ ಲೆಕ್ಕದವರ ಆದಾಯ ಒಂದೇ ಸಲಕ್ಕೆ ಸೊನ್ನೆಯಾಯಿತು. ಚಾನೆಲ್‌ಗಳು ಹಳೆಯ ಸಂಚಿಕೆ, ಡಬ್ಬಿಂಗ್ ಪೌರಾಣಿಕಗಳನ್ನು ಹಾಕಿಕೊಂಡು ಹೇಗೋ ನಡೆಸಿದವು. ಆರು ತಿಂಗಳ ಇಎಂಐ, ಮನೆಖರ್ಚು, ತಮ್ಮನ ಒಂದು ಸೆಮಿಸ್ಟರಿನ ಫೀಸು ಇಷ್ಟು ಬೇರೆ ಖಾತೆಯಲ್ಲಿ ಇದ್ದಿದ್ದರೆ ನೀವು ಆ ಕ್ರಿಯೇಟಿವ್ ಹೆಡ್‌ಗೆ "ಯೋಚನೆ ಮಾಡಿ ಹೇಳ್ತೀನಿ" ಎಂದು ಎದ್ದು ಬರುತ್ತಿದ್ದಿರಿ. ಲೀಪಿನ ಮೊದಲ ತಿಂಗಳುಗಳಲ್ಲಿ ದಿನಗಳು ಹೆಚ್ಚಿರುತ್ತವೆ ಎಂದೆನಲ್ಲ, ಆ ಹಣ ಪೂರ್ತಿ ಆ ಖಾತೆಗೆ ಹೋಗಲಿ. ನೀವು ಒಪ್ಪಿಕೊಳ್ಳಬೇಕು ಎನ್ನುವುದಕ್ಕೆ ನಿಜವಾದ ಕಾರಣ ಅದೇ. ತಮ್ಮನಿಗೆ ಶಿಕ್ಷಣ ಸಾಲ ಸಿಗುತ್ತದೋ ಎಂದೂ ವಿಚಾರಿಸಿ. ಅವನೂ ದೊಡ್ಡವನಾಗಿದ್ದಾನೆ.

ಅಗ್ರಿಮೆಂಟಿನ ವಿಚಾರಕ್ಕೆ ಮತ್ತೆ ಬರುತ್ತೇನೆ, ಈ ವಾರ ಮಾಡಬೇಕಾದ ಕೆಲಸ ಇರುವುದು ಅಲ್ಲೇ. ಮೂರು ವರ್ಷದ ಹಿಂದೆ ಲುಕ್ ಟೆಸ್ಟ್ ಮುಗಿದ ಸಂಭ್ರಮದಲ್ಲಿ ಸಹಿ ಹಾಕಿರುತ್ತೀರಿ. ಅದರ ಪ್ರತಿ ನಿಮ್ಮ ಬಳಿ ಇದೆಯೇ? ಎಷ್ಟೋ ಕಲಾವಿದರ ಬಳಿ ಇರುವುದಿಲ್ಲ. ಇಲ್ಲದಿದ್ದರೆ ಪ್ರೊಡಕ್ಷನ್ ಮ್ಯಾನೇಜರಿಗೆ ಫೋನ್ ಮಾಡಬೇಡಿ, ಇಮೇಲ್ ಕಳಿಸಿ, ತೆರಿಗೆ ಲೆಕ್ಕಕ್ಕೆ ಬೇಕು ಎನ್ನಿ. ಬಂದಮೇಲೆ ಕಾಂಟ್ರ್ಯಾಕ್ಟ್ ಬಲ್ಲ ವಕೀಲರೊಬ್ಬರಿಗೆ ಓದಲು ಕೊಡಿ. ಸಿನಿಮಾ ಮಂದಿಯ ಗೆಳೆಯ ಎನ್ನುವ ವಕೀಲರು ಬೇಡ. ಪಾತ್ರ ಬಿಟ್ಟರೆ ಎಷ್ಟು ದಿನದ ನೋಟಿಸ್, ಬಿಟ್ಟಮೇಲೆ ಎಷ್ಟು ಕಾಲ ಬೇರೆ ಚಾನೆಲ್‌ಗೆ ಹೋಗುವಂತಿಲ್ಲ, ಚಾನೆಲ್ಲಿನವರೇ ತೆಗೆದರೆ ಆ ನಿರ್ಬಂಧ ಉಳಿಯುತ್ತದೆಯೇ, ಈ ಮೂರಕ್ಕೆ ಆ ವಕೀಲರಿಂದ ಬರಹದಲ್ಲಿ ಉತ್ತರ ಪಡೆಯಿರಿ. ಅಲ್ಲಿಯವರೆಗೆ ಬಿಳಿ ವಿಗ್ಗಿನ ಲುಕ್ ಟೆಸ್ಟಿಗೆ ದಿನ ಕೊಡಬೇಡಿ.