ನಲವತ್ತು ದಾಟಿದ ಕ್ವಾರ್ಟರ್‌ಬ್ಯಾಕ್ ಬೇಕಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಂದಾಗಿ ಅಮೆರಿಕನ್ ಫುಟ್‌ಬಾಲ್‌ನ ಜೆಟ್ಸ್ ತಂಡದ ಹುಚ್ಚು ನನಗೂ ಹತ್ತಿಕೊಂಡಿದೆ. 2023ರಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಆರನ್ ರಾಜರ್ಸ್ ಬಂದಾಗ ಅವರ ಹೆಸರಿನ ಜೆರ್ಸಿಯನ್ನೂ ಕೊಂಡೆವು. ಮೊದಲ ಪಂದ್ಯದಲ್ಲೇ ಕಾಲು ಹೋಯ್ತು. ಆದರೂ 2025ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವರನ್ನೇ 41ನೇ ವಯಸ್ಸಿನಲ್ಲಿ ಕರೆದುಕೊಂಡಿತು! ಇಷ್ಟು ವಯಸ್ಸಾದವರನ್ನು ತಗೋಬೇಕಾ?

ಉತ್ತರ: ಮೊದಲು, ಜೆರ್ಸಿ ಬಿಸಾಡಬೇಡಿ ಸಾರ್, ಹಳೇ ಸಾಮಾನಿಗೂ ಒಂದು ದಿನ ಬೆಲೆ ಬರುತ್ತೆ.

ವಯಸ್ಸು ನೋಡಬೇಡಿ, ತಂಡ ನೋಡಿ. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 42ರಲ್ಲಿ ಟ್ಯಾಂಪಾ ಬೇ ತಂಡ ಸೇರಿ ಮುಂದಿನ ಫೆಬ್ರವರಿಯಲ್ಲೇ ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದರು, ಇದು ಎಲ್ಲರಿಗೂ ನೆನಪಿದೆ. ಆದರೆ ಅದಕ್ಕೂ ಹಿಂದಿನ ವರ್ಷ, 2019ರಲ್ಲಿ, ಅದೇ ತಂಡದ ಜೇಮಿಸ್ ವಿನ್‌ಸ್ಟನ್ 33 ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿ ಅಂಕ ತರುವ ಎಸೆತ) ಎಸೆದು, 30 ಸಲ ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟಿದ್ದರು. ಹಿಡಿಯೋಕೆ ಮೈಕ್ ಇವಾನ್ಸ್, ಕ್ರಿಸ್ ಗಾಡ್ವಿನ್ ಥರದವರಿದ್ದರು, ಚೆಂಡು ಕಳೆದುಕೊಳ್ಳದ ಒಬ್ಬ ಬೇಕಿತ್ತು, ಅಷ್ಟೇ. ಮರುವರ್ಷ ಬ್ರೇಡಿ ಹಾಗೆ ಕಳೆದುಕೊಂಡಿದ್ದು 12 ಸಲ.

ಜೆಟ್ಸ್ ಕೂಡ ತನ್ನ ಕಥೆ ಹೀಗೇ ಅಂದುಕೊಂಡಿತ್ತು. ಡಿಫೆನ್ಸ್ ಚೆನ್ನಾಗಿತ್ತು, ನಿಜ. ಆದರೆ ರಾಜರ್ಸ್ ಮುಂದೆ ನಿಂತು ಕಾಯಬೇಕಾದ ಆಟಗಾರರ ಸಾಲು ಗಟ್ಟಿಯಿರಲಿಲ್ಲ, ಇಪ್ಪತ್ತೈದರ ಹುಡುಗನಾದರೆ ತಪ್ಪಿಸಿಕೊಂಡು ಓಡ್ತಾನೆ, ಆಗ 39 ಆಗಿದ್ದವರು ಎಲ್ಲಿಗೆ ಓಡ್ತಾರೆ ಹೇಳಿ. ಮೊದಲ ಪಂದ್ಯದಲ್ಲಿ, ಅವರು ಚೆಂಡು ಕೈಗೆತ್ತಿಕೊಂಡ ನಾಲ್ಕನೇ ಸಲಕ್ಕೇ ಎಡಗಾಲಿನ ಅಕಿಲೀಸ್ (ಹಿಮ್ಮಡಿಯ ಸ್ನಾಯುರಜ್ಜು) ಹರಿಯಿತು. ಗಾಯವಾಗದಿದ್ದರೆ ಎಲ್ಲ ಸರಿಹೋಗ್ತಿತ್ತು ಅನ್ನೋರಿದ್ದಾರೆ. ನಾನು ಒಪ್ಪಲ್ಲ. 2024ರಲ್ಲಿ ಅವರು 17 ಪಂದ್ಯವನ್ನೂ ಆಡಿದರು, 28 ಟಚ್‌ಡೌನ್ ಎಸೆದರು, ತಂಡ ಗೆದ್ದಿದ್ದು ಮಾತ್ರ ಐದೇ. ಇನ್ನೊಂದು ವಿಷಯ, ಅವರ ಹಿಂದೆಮುಂದೆ ಹಳೇ ತಂಡದ ಗೆಳೆಯರೂ ಬಂದರು: ಲಜಾರ್ಡ್, ಕಾಬ್, ಕೋಚ್ ಹ್ಯಾಕೆಟ್, ಆಮೇಲೆ ಡವಾಂಟೆ ಆಡಮ್ಸ್. ಅಳಿಯನನ್ನು ಊಟಕ್ಕೆ ಕರೆದರೆ ಬೀಗರ ಮನೆಯವರೆಲ್ಲ ಬಂದು ಠಿಕಾಣಿ ಹೂಡಿದ ಹಾಗಾಯ್ತು.

ಸ್ಟೀಲರ್ಸ್ ಮಾಡಿದ್ದು ಅಷ್ಟು ದಡ್ಡ ಕೆಲಸವಲ್ಲ, ಯಾಕಂದ್ರೆ ಒಪ್ಪಂದ ಒಂದೇ ವರ್ಷದ್ದು, ಸುಮಾರು 1.36 ಕೋಟಿ ಡಾಲರ್, ಅಂದ್ರೆ ಕ್ವಾರ್ಟರ್‌ಬ್ಯಾಕ್ ಬಜಾರಿನಲ್ಲಿ ಅಗ್ಗ. ವಯಸ್ಸಾದವರು ಕೆಲವೊಮ್ಮೆ ಎರಡನೇ ವರ್ಷ ಕೈಕೊಡ್ತಾರೆ. ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ನೋಡಿ. 2009ರಲ್ಲಿ ಮಿನ್ನೆಸೋಟ ಸೇರಿ, ಆ ಸೀಸನ್‌ನಲ್ಲೇ 40 ತುಂಬಿ, 33 ಟಚ್‌ಡೌನ್ ಎಸೆದು ಬರೀ 7 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) ಕೊಟ್ಟರು, ತಂಡ ಸೂಪರ್ ಬೌಲಿನ ಹೊಸ್ತಿಲ ತನಕ ಹೋಯ್ತು. ಇನ್ನೊಂದು ವರ್ಷ ಅಂತ ಕರೆದರು. 11 ಟಚ್‌ಡೌನ್, 19 ಇಂಟರ್‌ಸೆಪ್ಷನ್!

ಪ್ರಶ್ನೆ: ಓಡುವ ಆಟಗಾರರು 30ಕ್ಕೇ ಸುಸ್ತಾಗ್ತಾರೆ. ಕ್ವಾರ್ಟರ್‌ಬ್ಯಾಕ್‌ಗಳಿಗೆ ಮಾತ್ರ ಇದೇನು ಆಯಸ್ಸು?

ಉತ್ತರ: ಓಡುವವನಿಗೆ ಪ್ರತಿ ಸಲ ಡಿಕ್ಕಿ ತಪ್ಪಿದ್ದಲ್ಲ. ಇವರಿಗೆ ನಿಯಮದ ರಕ್ಷಣೆಯೂ ಜಾಸ್ತಿ. 2008ರಲ್ಲಿ ಬ್ರೇಡಿ ಮಂಡಿಗೆ ಪೆಟ್ಟು ಬಿದ್ದು ಇಡೀ ಸೀಸನ್ ಹೋದ ಮೇಲೆ, ನೆಲಕ್ಕೆ ಬಿದ್ದವನು ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ಎಗರಬಾರದು ಅಂತ ನಿಯಮವನ್ನು ಬಿಗಿ ಮಾಡಿದರು. ಕ್ವಾರ್ಟರ್‌ಬ್ಯಾಕ್ ಜಾರ್ಜ್ ಬ್ಲಾಂಡಾ ಅಂತೂ 1975ರ ತನಕ, 48 ವರ್ಷ ಆಗೋವರೆಗೂ ಆಡಿದರು. ಕೊನೆಕೊನೆಗೆ ಅವರ ಮುಖ್ಯ ಕೆಲಸ ಚೆಂಡು ಒದೆಯೋದು ಅನ್ನಿ.