ಕರೋಕೆಯಲ್ಲಿ ಜಪಾನಿ ಹಾಡು: ಹೊಸಬರು ಯಾವುದನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ: ನಾನು ಮತ್ತು ನನ್ನ ಗೆಳತಿ ಕೆಲಸದ ಮೇಲೆ ಜಪಾನಿನ ನಗೋಯಾಕ್ಕೆ ಬಂದವರು, ಇಬ್ಬರೂ ಇಪ್ಪತ್ತೈದರ ಆಸುಪಾಸಿನವರು. ವರ್ಷಾಂತ್ಯದಲ್ಲಿ ಕಚೇರಿಯ ಊಟ ಮುಗಿದ ಮೇಲೆ ಎಲ್ಲರೂ ಕರೋಕೆಗೆ ಹೋಗುವ ರೂಢಿ ಇಲ್ಲಿದೆ. ನಮಗೆ ಹಿರಗಾನ, ಕತಕಾನ ಎಂಬ ಜಪಾನಿ ಅಕ್ಷರಮಾಲೆಗಳನ್ನು ಓದಲು ಬರುತ್ತದೆ, ಚೀನೀ ಮೂಲದ ಲಿಪಿಯಾದ ಕಾಂಜಿ ಅಷ್ಟಕ್ಕಷ್ಟೆ. ನಾನು ಬಾಲ್ಯದಲ್ಲಿ ಒಂದಷ್ಟು ಕರ್ನಾಟಕ ಸಂಗೀತ ಕಲಿತಿದ್ದೇನೆ. ಗೆಳತಿ ಎಂದೂ ಹಾಡಿದವಳಲ್ಲ, ಅವಳದು ತಗ್ಗಿನ ದನಿ. ನಿಧಾನದ ಹಾಡು ಸುಲಭವಿರಬಹುದೆಂದು ‘ಫಸ್ಟ್ ಲವ್’ ಅಭ್ಯಾಸ ಮಾಡಿದೆವು, ಆದರೆ ನಡುವಿಗೆ ಬರುವಷ್ಟರಲ್ಲಿ ದನಿ ಕೈಕೊಡುತ್ತಿದೆ. ನಮಗೆ ಯಾವ ಹಾಡು ಹೊಂದೀತು?

ಉತ್ತರ: ನಿಧಾನವಾಗಿದ್ದರೆ ಸುಲಭ ಎಂಬ ಎಣಿಕೆಯಿಂದಲೇ ಹೆಚ್ಚಿನ ಹೊಸಬರು ತೊಂದರೆಗೆ ಸಿಲುಕುತ್ತಾರೆ. ಉತಾದಾ ಹಿಕಾರು ಅವರ 1999ರ ‘ಫಸ್ಟ್ ಲವ್’ ಆರಂಭದಲ್ಲಿ ಮಾತಿನಷ್ಟೇ ಮೆತ್ತಗೆ ಸಾಗಿ, ಮುಂದೆ ತಾರಸ್ಥಾಯಿಯತ್ತ ಏರುತ್ತದೆ. ಅಲ್ಲಿ ತೆರೆದ ದನಿಯಿಂದ ಕಳ್ಳದನಿಗೆ (ಎತ್ತರದ ಸ್ವರಕ್ಕೆ ಬಳಸುವ ತೆಳು ದನಿ, ಫಾಲ್ಸೆಟೊ) ಜಾರಿ ಮತ್ತೆ ಮೊದಲಿನ ದನಿಗೆ ಮರಳುವ ಕೆಲಸ ಪದೇ ಪದೇ ಬರುತ್ತದೆ, ಕೊನೆಯ ಸುತ್ತಿನಲ್ಲಂತೂ ಶ್ರುತಿಯೇ ಅರ್ಧ ಸ್ವರದಷ್ಟು ಮೇಲೆ ಸರಿಯುತ್ತದೆ. ಕಾಲಪ್ರಮಾಣ ನಿಧಾನವಾದಷ್ಟೂ ಒಂದೊಂದು ಸ್ವರವನ್ನೂ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಬೇಕಾಗುವುದರಿಂದ, ಉಸಿರು ಸಾಲದಿದ್ದರೆ ದನಿಯ ಅಲುಗಾಟ ಎಲ್ಲರಿಗೂ ಕೇಳಿಸುತ್ತದೆ. ನಿಮ್ಮ ದನಿ ಕೈಕೊಟ್ಟಿದ್ದು ಅಭ್ಯಾಸ ಸಾಲದೆ ಅಲ್ಲ, ಹಾಡೇ ಕಠಿಣವಾದದ್ದು.

ಹಾಡನ್ನು ಆರಿಸುವಾಗ ಅದರ ಅತಿ ತಗ್ಗಿನ ಸ್ವರಕ್ಕೂ ಅತಿ ಎತ್ತರದ ಸ್ವರಕ್ಕೂ ಇರುವ ಅಂತರ ಎಷ್ಟು, ಸಾಲುಗಳ ನಡುವೆ ಉಸಿರು ತೆಗೆದುಕೊಳ್ಳಲು ಎಡೆ ಇದೆಯೇ, ಒಂದು ತಾಳದ ಏಟಿಗೆ ಎಷ್ಟು ಅಕ್ಷರ ತುಂಬಿದ್ದಾರೆ ಎಂಬುದನ್ನು ಗಮನಿಸಿ. ಜಪಾನಿನ ಜನಪ್ರಿಯ ಹಾಡುಗಳಲ್ಲಿ ಬಹುಪಾಲು ‘ಎ-ಮೆಲೊ’, ‘ಬಿ-ಮೆಲೊ’, ‘ಸಾಬಿ’ ಎಂಬ ಮೂರು ಭಾಗಗಳ ಕಟ್ಟಡದವು. ನಮ್ಮ ಪಲ್ಲವಿಯಂತೆ ಮರಳಿ ಮರಳಿ ಬರುವುದು ಸಾಬಿ, ಹಾಡಿನ ಎತ್ತರವೆಲ್ಲ ಸಾಮಾನ್ಯವಾಗಿ ಇರುವುದೂ ಅಲ್ಲಿಯೇ. ಆದ್ದರಿಂದ ಹಾಡನ್ನು ಮೊದಲಿನಿಂದ ಕಲಿಯುತ್ತ ಹೋಗದೆ ಸಾಬಿಯನ್ನೇ ಮೊದಲು ಹಾಡಿ ನೋಡಿ, ಅದು ಗಂಟಲಿಗೆ ಒತ್ತಡವಿಲ್ಲದೆ ಬಂದರೆ ಮಾತ್ರ ಉಳಿದದ್ದಕ್ಕೆ ಕೈ ಹಾಕಿ.

ನಿಮಗೆ ನಾನು ಸೂಚಿಸುವುದು ಕಿರೊರೊ ಜೋಡಿಯ 1998ರ ‘ಮಿರಾಯಿ ಎ’. ಓಕಿನಾವಾದ ಯೋಮಿತಾನ್ ಊರಿನ ಇಬ್ಬರು ಗೆಳತಿಯರ ಜೋಡಿ ಅದು. ತಾಯಿಯನ್ನು ನೆನೆಯುವ ಈ ಹಾಡಿನಲ್ಲಿ ಸಾಲುಗಳು ಚಿಕ್ಕವು, ಪ್ರತಿ ಸಾಲಿನ ಕೊನೆಗೂ ಉಸಿರಿಗೆ ಎಡೆ ಇದೆ, ರಾಗ ಮೆಟ್ಟಿಲು ಮೆಟ್ಟಿಲಾಗಿಯೇ ಹೆಚ್ಚಾಗಿ ಚಲಿಸುತ್ತದೆ. ಲಿಯು ರೊಯಿಂಗ್ ಹಾಡಿದ ಚೀನೀ ಅವತರಣಿಕೆ ‘ಹೌಲಾಯ್’ ಕೂಡ ಬಹಳ ಪ್ರಸಿದ್ಧವಾದ್ದರಿಂದ, ನಿಮ್ಮ ಕಚೇರಿಯಲ್ಲಿ ಚೀನೀ ಸಹೋದ್ಯೋಗಿಗಳಿದ್ದರೆ ಅವರೂ ದನಿಗೂಡಿಸಬಹುದು. ಕರ್ನಾಟಕ ಸಂಗೀತ ಕಲಿತ ನೀವು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು: ದೀರ್ಘ ಸ್ವರ ಬಂದಾಗ ಅಭ್ಯಾಸಬಲದಿಂದ ಗಮಕ, ಅಂದರೆ ಸ್ವರವನ್ನು ತೂಗಿ ಅಲುಗಿಸುವ ಕ್ರಮ, ತಾನಾಗಿ ಸೇರಿಕೊಳ್ಳುತ್ತದೆ. ಈ ಹಾಡಿನ ಸೊಗಸು ಸ್ವರವನ್ನು ನೇರವಾಗಿ, ಕಂಪನವಿಲ್ಲದೆ ನಿಲ್ಲಿಸುವುದರಲ್ಲಿದೆ. ಅಭ್ಯಾಸದ ಮೊದಲ ದಿನಗಳಲ್ಲಿ ಮಾತು ಬಿಟ್ಟು ಅಕಾರದಲ್ಲಿಯೇ ಹಾಡಿಕೊಂಡರೆ ಅದು ಬೇಗ ಹಿಡಿತಕ್ಕೆ ಬರುತ್ತದೆ.

ನಿಮ್ಮ ಗೆಳತಿ ತನ್ನ ತಗ್ಗಿನ ದನಿಯನ್ನು ಕೊರತೆಯೆಂದು ಭಾವಿಸದಿರಲಿ. ಐಮ್ಯೋನ್ ಅವರ 2018ರ ‘ಮ್ಯಾರಿಗೋಲ್ಡ್’ ಮಾತಿನ ದನಿಗೆ ಹತ್ತಿರದಲ್ಲಿಯೇ ಓಡಾಡುವ ಹಾಡು, ಕಚೇರಿಯ ಕಿರಿಯರಿಗೆಲ್ಲ ಚೆನ್ನಾಗಿ ಗೊತ್ತಿರುವಂಥದ್ದು. ಮೇಲಧಿಕಾರಿಗಳ ವಯಸ್ಸಿನವರು ಕುಳಿತಿದ್ದರೆ ಯಾಮಾಗುಚಿ ಮೊಮೋಯೆ ಅವರ 1978ರ ‘ಈ ಹಿ ತಬಿದಾಚಿ’ ಅವಳ ಶಾರೀರಕ್ಕೆ ಹೇಳಿ ಮಾಡಿಸಿದಂತಿದೆ. ತಾನಿಮುರಾ ಶಿಂಜಿ ರಚಿಸಿದ ಈ ಪಯಣದ ಹಾಡನ್ನು ಆಗಿನ ಜಪಾನ್ ರಾಷ್ಟ್ರೀಯ ರೈಲ್ವೆ ತನ್ನ ಪ್ರಚಾರಕ್ಕೆ ಬಳಸಿಕೊಂಡಿತ್ತು, ಹಾಗಾಗಿ ಆ ತಲೆಮಾರಿನವರಿಗೆ ಅದು ಬಾಯಿಪಾಠ. ಗಂಡಸರ ಹಾಡುಗಳನ್ನೂ ಬಿಡಬೇಕಾಗಿಲ್ಲ. ಸ್ಪಿಟ್ಜ್ ತಂಡದ ಕುಸಾನೊ ಮಸಾಮುನೆ ಅವರದು ಎತ್ತರದ ದನಿಯಾದ್ದರಿಂದ 1996ರ ‘ಚೆರಿ’ಯನ್ನು ಅನೇಕ ಹೆಣ್ಣುಮಕ್ಕಳು ಮೂಲ ಶ್ರುತಿಯಲ್ಲಿಯೇ ಆರಾಮವಾಗಿ ಹಾಡುತ್ತಾರೆ.

ಯಾವ ಹಾಡಾದರೂ ಮೂಲ ಶ್ರುತಿಯಲ್ಲಿಯೇ ಹಾಡಬೇಕೆಂಬ ನಿಯಮವಿಲ್ಲ. ಹಾಡು ಆರಿಸುವ ಟ್ಯಾಬ್ಲೆಟ್‌ನಲ್ಲಿ ‘ಕೀ’ ಎಂಬ ಗುಂಡಿ ಇರುತ್ತದೆ, ಅದನ್ನು ಒಮ್ಮೆ ಒತ್ತಿದರೆ ಶ್ರುತಿ ಹಾರ್ಮೋನಿಯಂನ ಪಕ್ಕದ ಮನೆಗೆ, ಅಂದರೆ ಅರ್ಧ ಸ್ವರದಷ್ಟು, ಸರಿಯುತ್ತದೆ. ನಮ್ಮ ಸಂಗೀತ ಕಛೇರಿಗಳಲ್ಲಿ ಹಾಡುವವರ ಶಾರೀರ ನೋಡಿ ತಂಬೂರಿಗೆ ಶ್ರುತಿ ಇಡುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ. ಕರೋಕೆ ಹುಟ್ಟಿದ್ದೂ ಇಂಥ ಅಗತ್ಯದಿಂದಲೇ. ಕೋಬೆಯ ಮದ್ಯದಂಗಡಿಗಳಲ್ಲಿ ಪಕ್ಕವಾದ್ಯ ನುಡಿಸುತ್ತಿದ್ದ ಇನೋಉಎ ದೈಸುಕೆ, ಜೊತೆಗೆ ಪ್ರವಾಸಕ್ಕೆ ಬರಬೇಕೆಂದು ಕೇಳಿದ ಗಿರಾಕಿಯೊಬ್ಬರಿಗೆ ತಾವು ಹೋಗಲಾಗದೆ, ಅವರು ಹಾಡುವ ರೀತಿಗೆ ಹೊಂದುವಂತೆ ಹಿನ್ನೆಲೆ ವಾದ್ಯವನ್ನು ಧ್ವನಿಮುದ್ರಿಸಿ ಕಳುಹಿಸಿದರು, 1971ರಲ್ಲಿ ಅದಕ್ಕಾಗಿಯೇ ಒಂದು ಯಂತ್ರವನ್ನೂ ರೂಪಿಸಿದರು. ಹಾಡುವವರಿಗೆ ತಕ್ಕಂತೆ ವಾದ್ಯ ಬಗ್ಗಬೇಕೆಂಬುದೇ ಅದರ ಮೂಲ ಉದ್ದೇಶವಾಗಿತ್ತಾದ್ದರಿಂದ ಆ ಗುಂಡಿಯನ್ನು ಸಂಕೋಚವಿಲ್ಲದೆ ಒತ್ತಿ. ಎರಡು ಮೂರು ಮನೆ ಇಳಿಸಿದರೂ ಕೇಳುವವರಿಗೆ ಅದು ಅರಿವಿಗೇ ಬರುವುದಿಲ್ಲ.

ಭಾಷೆಯ ವಿಷಯದಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ. ಪರದೆಯ ಮೇಲೆ ಕಾಂಜಿಯ ತಲೆಯ ಮೇಲೆಯೇ ಸಣ್ಣದಾಗಿ ಹಿರಗಾನ ಬರುವುದರಿಂದ ಓದುವ ಚಿಂತೆ ಬೇಡ. ಉಳಿಯುವುದು ಕಾಲದ ಲೆಕ್ಕ. ಜಪಾನಿ ಹಾಡಿನಲ್ಲಿ ಒಂದೊಂದು ಮಾತ್ರೆಗೆ ಒಂದೊಂದು ಸ್ವರ ಎಂಬುದು ಮೂಲ ಪದ್ಧತಿ, ಈ ಮಾತ್ರೆಯ ಎಣಿಕೆ ನಮ್ಮ ಛಂದಸ್ಸಿನದಕ್ಕೆ ಬಹಳ ಹತ್ತಿರದ್ದು. ಶಾಲೆಗೆ ಅವರು ಹೇಳುವ ‘ಗಕ್ಕೋ’ ಎಂಬುದಕ್ಕೆ ಪ್ರಸ್ತಾರ ಹಾಕಿದರೆ ಒತ್ತಕ್ಷರದ ಹಿಂದಿನ ‘ಗ’ ಗುರು, ದೀರ್ಘವಾದ ‘ಕ್ಕೋ’ ಗುರು, ಒಟ್ಟು ನಾಲ್ಕು ಮಾತ್ರೆ; ಜಪಾನಿಯರ ಎಣಿಕೆಯಲ್ಲಿಯೂ ಅದು ನಾಲ್ಕೇ. ಹ್ರಸ್ವ ದೀರ್ಘಗಳನ್ನೂ ಒತ್ತಕ್ಷರವನ್ನೂ ನಾವು ಹುಟ್ಟಿನಿಂದ ಬಲ್ಲೆವಾದ್ದರಿಂದ, ಹಾಡಿನ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಮಾತ್ರೆ ಗುರುತು ಹಾಕಿಕೊಳ್ಳಿ. ಮಾತಿನಲ್ಲಿ ‘ಸ್ಕಿ’ ಎಂದು ಕೇಳುವ ಪದ ಹಾಡಿನಲ್ಲಿ ಸಾಮಾನ್ಯವಾಗಿ ‘ಸು-ಕಿ’ ಎಂದು ಎರಡು ಸ್ವರ ಪಡೆಯುತ್ತದೆ, ಅನುನಾಸಿಕವಾದ ‘ನ್’ ಕೂಡ ಎಷ್ಟೋ ಕಡೆ ಸ್ವತಂತ್ರವಾಗಿ ಒಂದು ಸ್ವರವನ್ನು ಹಿಡಿದು ನಿಲ್ಲುತ್ತದೆ.

ಯೋಆಸೋಬಿ ಜೋಡಿಯ 2019ರ ‘ಯೋರು ನಿ ಕಾಕೆರು’ ಎಲ್ಲರಿಗೂ ಪ್ರಿಯವಾದ ಹಾಡೆಂದು ಅದನ್ನು ಆರಿಸಿಕೊಳ್ಳಬೇಡಿ. ಅಕ್ಷರಗಳು ದಟ್ಟವಾಗಿವೆ, ಉಸಿರಿಗೆ ಬಿಡುವಿಲ್ಲ, ಕೊನೆಗೆ ಶ್ರುತಿಯೂ ಬದಲಾಗುತ್ತದೆ. ನುರಿತ ಜಪಾನಿಯರೇ ಅದರಲ್ಲಿ ತಡವರಿಸುತ್ತಾರೆ.

ಇಬ್ಬರೂ ಸೇರಿ ಹಾಡುವುದಾದರೆ ಎಕೆಬಿ48 ತಂಡದ 2013ರ ‘ಕೊಯಿ ಸುರು ಫಾರ್ಚೂನ್ ಕುಕಿ’ ಒಳ್ಳೆಯದು. ಗುಂಪಾಗಿ ಒಂದೇ ದನಿಯಲ್ಲಿ ಹಾಡಲೆಂದು ಕಟ್ಟಿದ ಹಾಡದು, ಸಾಬಿ ಬಂದಾಗ ಕೋಣೆಯವರೆಲ್ಲ ಕೈ ಆಡಿಸುತ್ತ ಸೇರಿಕೊಳ್ಳುತ್ತಾರೆ. ಇನ್ನೂ ಹಳೆಯದು ಬೇಕೆಂದರೆ ಸಾಕಾಮೊತೊ ಕ್ಯೂ ಅವರ 1961ರ ‘ಉಎ ವೊ ಮುಯಿತೆ ಅರುಕೋ’ ಇದೆ. ಅದರ ರಾಗ ಬಹುಮಟ್ಟಿಗೆ ನಮ್ಮ ಮೋಹನ ರಾಗದ ಐದು ಸ್ವರಗಳಲ್ಲಿಯೇ ಸಾಗುವುದರಿಂದ ನಿಮ್ಮ ಕಿವಿಗೆ ಒಂದೆರಡು ಬಾರಿ ಕೇಳುವಷ್ಟರಲ್ಲಿ ಒಗ್ಗಿಬಿಡುತ್ತದೆ.

ಪಾರ್ಟಿಗೆ ಮುಂಚೆ ಹಗಲಿನ ಹೊತ್ತು ನೀವಿಬ್ಬರೇ ಒಮ್ಮೆ ಕರೋಕೆ ಕೋಣೆಗೆ ಹೋಗಿ ಬನ್ನಿ, ಆಗ ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ದಾರಿ ತೋರಿಸುವ ಗೈಡ್ ಮೆಲೊಡಿಯ ಶಬ್ದ ಹೆಚ್ಚಿಸಿಕೊಂಡು, ಅಂಕ ಕೊಡುವ ವ್ಯವಸ್ಥೆಯನ್ನು ಆರಿಸಿ, ಪ್ರತಿ ಹಾಡಿಗೂ ಹೊಂದಿದ ಕೀ ಎಷ್ಟೆಂದು ಫೋನಿನಲ್ಲಿ ಗುರುತು ಹಾಕಿಕೊಂಡರೆ, ಅಂದು ಸಂಜೆ ಎಲ್ಲರೆದುರು ಗುಂಡಿ ಒತ್ತುತ್ತ ಶ್ರುತಿ ಹುಡುಕುವ ಪ್ರಮೇಯ ಬರುವುದಿಲ್ಲ.